ಹೊಳೆಗೂ ಪಾಲಿಟ್ಟು ಕಟ್ಟಿದ ಊರ ಬಯಲು

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಬಳಸಿ, ಹಾನಗಲ್ಲ ಸೀಮೆಯನ್ನು ದಾಟಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಮುನ್ನ ಹಾವೇರಿ ತಾಲ್ಲೂಕಿನ ಅನೇಕ ಊರುಗಳ ಮಗ್ಗುಲಲ್ಲಿ ಹರಿಯುತ್ತದೆ. ಅವುಗಳಲ್ಲಿ ನಮ್ಮದೂ ಒಂದು. ನಮ್ಮ ಊರಿನ ಹಳೆಯ ಅಗಸಿ, ಅಂದರೆ ಊರಬಾಗಿಲು, ಹೊಳೆಯ ಕಡೆಗೇ ಮುಖ ಮಾಡಿ ನಿಂತಿದೆ. ಊರು ಕಟ್ಟಿದವರು ಹೊಳೆಯನ್ನು ಮುಂಬಾಗಿಲೆಂದೇ ಎಣಿಸಿದ್ದರು. ಆದರೆ ಡಾಂಬರು ರಸ್ತೆ ಊರಿನ ಇನ್ನೊಂದು ತುದಿಗೆ ಬಂದು, ಬಸ್ಸು, ಅಂಗಡಿ, ಶಾಲೆ, ಪಂಚಾಯತಿ ಕಚೇರಿ ಎಲ್ಲವೂ ಆ ಕಡೆಗೆ ಸೇರಿದ ಮೇಲೆ, ಮನೆಮನೆಗೆ ನಳ ಬಂದು ಕೊಡ ಹೊತ್ತು ಹೊಳೆಗೆ ಹೋಗುವ ಕೆಲಸ ತಪ್ಪಿದ ಮೇಲೆ, ಅಗಸಿಯ ಭಾಗ ಊರಿನ ಹಿತ್ತಿಲಾಯಿತು. ಅಗಸಿಯಿಂದ ನೀರಿನವರೆಗೆ ಸುಮಾರು ಎರಡು ಎಕರೆ ಇಳಿಜಾರು ನೆಲವಿದೆ. ಅದರ ತುಂಬ ಬಳ್ಳಾರಿ ಜಾಲಿ ಹಬ್ಬಿತ್ತು. ಜಾಲಿಯ ಮರೆಯಲ್ಲಿ ತಿಪ್ಪೆಗಳು, ಕೆಡವಿದ ಮನೆಗಳ ಮಣ್ಣು, ಸತ್ತ ದನ, ಪ್ಲಾಸ್ಟಿಕ್ ಚೀಲ, ಮದ್ಯದ ಪೌಚುಗಳು ಬೀಳುತ್ತಿದ್ದವು. ಊರ ಗಟಾರಗಳೆಲ್ಲ ಅಲ್ಲಿಗೇ ಬಂದು ತೆರೆದುಕೊಳ್ಳುತ್ತಿದ್ದವು. ಆ ನೆಲದ ಅಂಚಿಗೆ ಹೊಂದಿಕೊಂಡಿರುವುದು ದಲಿತರ ಕೇರಿ. ಊರಿನ ಕೊಳೆ ಯಾರ ಬಾಗಿಲಿಗೆ ಹರಿದುಹೋಗುತ್ತದೆ ಎಂಬುದು ಆಕಸ್ಮಿಕವಲ್ಲವೆಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಾನು ಆ ವಾರ್ಡಿನಿಂದ ಆರಿಸಿ ಬಂದೆ. ಮುಂದಿನ ವರ್ಷದ ಕ್ರಿಯಾಯೋಜನೆಗೆ ಕಾಮಗಾರಿಗಳನ್ನು ಸೂಚಿಸುವ ವಾರ್ಡ್ ಸಭೆಯನ್ನು ದೇವಸ್ಥಾನದ ಕಟ್ಟೆಯ ಮೇಲೆ ನಡೆಸುವುದು ರೂಢಿಯಾಗಿತ್ತು. ಆ ಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ, ಕೇರಿಯವರು ಹತ್ತುವುದಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ, ಆದರೂ ಕೂರುವುದಿಲ್ಲ. ಸಭೆಯನ್ನು ಕೇರಿಯ ಸಮುದಾಯ ಭವನದ ಮುಂದೆ ಇಡಬೇಕೆಂದು ನಾನು ಕೇಳಿದೆ, ಅಧ್ಯಕ್ಷರು ಒಪ್ಪಿದರು. ಅಂದು ಬಂದ ಹೆಣ್ಣುಮಕ್ಕಳು ರಸ್ತೆಯನ್ನಾಗಲಿ ದೀಪವನ್ನಾಗಲಿ ಕೇಳಲಿಲ್ಲ. ಎಲ್ಲರೂ ಹೊಳೆದಂಡೆಯ ಮಾತನ್ನೇ ಎತ್ತಿದರು. "ಅಕ್ಕಾರ, ಮಳಿಗಾಲದಾಗ ಆ ಗಟಾರದ ನೀರು ನಮ್ಮ ಅಡಗಿಮನಿಗೆ ಬರ್ತೈತ್ರಿ. ಮೊದಲ ಅದನ್ನ ನೋಡ್ರಿ, ಆಮ್ಯಾಲೆ ಉಳಿದದ್ದು" ಎಂದು ಒಬ್ಬ ತಾಯಿ ಹೇಳಿದಳು. ಅದೇ ಸಭೆಯಲ್ಲಿ ಹಿರಿಯರೊಬ್ಬರು ತಮ್ಮ ಚಿಕ್ಕಂದಿನಲ್ಲಿ ಅಗಸಿಯ ಮುಂದಿನ ಬಯಲಿನಲ್ಲಿ ರಾತ್ರಿಯಿಡೀ ಬಯಲಾಟ ನಡೆಯುತ್ತಿದ್ದುದನ್ನು, ಸಂಕ್ರಮಣದ ದಿನ ಊರಿಗೆ ಊರೇ ಹೊಳೆಯಲ್ಲಿ ಮಿಂದು ಬುತ್ತಿ ಬಿಚ್ಚುತ್ತಿದ್ದುದನ್ನು ನೆನೆದರು. ಕೊಳೆ ತೆಗೆಯಬೇಕೆಂಬ ಬೇಡಿಕೆಯೂ ಕೂಡುವ ಜಾಗ ಬೇಕೆಂಬ ಆಸೆಯೂ ಒಂದೇ ಠರಾವಿನಲ್ಲಿ ಸೇರಿದ್ದು ಹೀಗೆ.

ನಕ್ಷೆ ಬರೆಸುವ ಮೊದಲು ಆ ನೆಲವನ್ನು ಯಾರು ಯಾರು ಬಳಸುತ್ತಾರೆಂದು ಬರೆದುಕೊಳ್ಳಬೇಕೆಂದು ನಾನು ಹಟ ಹಿಡಿದೆ. ಹಾಳುಬಿದ್ದ ಜಾಗ ಎಂದು ನಾವು ಕರೆಯುವ ಜಾಗಗಳಲ್ಲಿ ನಿಜವಾಗಿ ಯಾರೂ ಇಲ್ಲದ ಜಾಗ ತೀರ ಕಡಿಮೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ನಾಲ್ಕಾರು ಹೆಣ್ಣುಮಕ್ಕಳು ನನ್ನ ಜೊತೆಗೆ ನಿಂತರು. ನಾವು ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನೋಡಿದೆವು, ಬಂದವರನ್ನು ಮಾತನಾಡಿಸಿದೆವು. ನಸುಕಿನಲ್ಲಿ ಶೌಚಕ್ಕೆ ಬರುವವರಿದ್ದರು. ಅವರಲ್ಲಿ ಶೌಚಾಲಯವಿದ್ದೂ ನೀರಿಲ್ಲದ ಮನೆಯವರು ಹೆಚ್ಚು. ಹೊತ್ತು ಏರಿದ ಮೇಲೆ ಬಟ್ಟೆ ಒಗೆಯುವ ಹೆಂಗಸರು ಬರುತ್ತಿದ್ದರು, ಅವರ ಪಕ್ಕದಲ್ಲೇ ಮಡಿವಾಳರ ಎರಡು ಮನೆಯವರು. ಮಧ್ಯಾಹ್ನ ಎಮ್ಮೆಗಳು, ಸಂಜೆಗೆ ಬಲೆ ಹಾಕುವವರು, ಕತ್ತಲಾದ ಮೇಲೆ ಮರಳು ಎತ್ತುವ ಟ್ರ್ಯಾಕ್ಟರುಗಳು. ವರ್ಷಕ್ಕೊಮ್ಮೆ ಬರುವ ಬಳಕೆಗಳನ್ನೂ ಸೇರಿಸಿಕೊಂಡೆವು: ಕಾರ ಹುಣ್ಣಿಮೆಗೆ ಎತ್ತು ಮೈತೊಳೆಯುವುದು, ಊರದೇವಿಯ ಪಲ್ಲಕ್ಕಿ ಗಂಗಾಸ್ಥಳಕ್ಕೆ ಬರುವುದು, ಗಣಪತಿ ಬಿಡುವುದು, ಮೊಹರಮ್ಮಿನ ಕೊನೆಯ ದಿನ ಅಲಾಯಿ ದೇವರು ಹೊಳೆಗೆ ಹೋಗುವುದು. ಮೊಹರಮ್ಮಿನ ದೇವರನ್ನು ನಮ್ಮಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಹೊರುತ್ತಾರೆ. ಈ ಪಟ್ಟಿಯಲ್ಲಿದ್ದ ಒಂದು ಕುಟುಂಬವೂ, ಒಂದು ಪಲ್ಲಕ್ಕಿಯೂ, ಒಂದು ಎಮ್ಮೆಯೂ ಈ ಕೆಲಸದಿಂದ ಜಾಗ ಕಳೆದುಕೊಳ್ಳಬಾರದೆಂದು ಗ್ರಾಮಸಭೆಯಲ್ಲಿ ಓದಿ ಹೇಳಿ ಬರೆಸಿದೆವು. ಬಯಲು ಶೌಚ ಮತ್ತು ಮರಳು ಟ್ರ್ಯಾಕ್ಟರು ಮಾತ್ರ ಇದಕ್ಕೆ ಹೊರತು.

ನೆಲದ ದಾಖಲೆ ಮುಂದಿನ ಹೆಜ್ಜೆಯಾಗಿತ್ತು. ನದಿಯ ಪಾತ್ರ ಸರ್ಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ಹೇಳುತ್ತದೆ. ದಂಡೆಯ ನೆಲ ಏನೆಂದು ಪಹಣಿ ನೋಡಿಯೇ ತಿಳಿಯಬೇಕು. ತಲಾಟಿಯವರು ತೆಗೆದುಕೊಟ್ಟ ದಾಖಲೆಯಲ್ಲಿ ಮೇಲಿನ ಭಾಗ ಗಾವಠಾಣ (ಊರ ವಸತಿಗೆ ಬಿಟ್ಟ ನೆಲ) ಎಂದೂ, ಕೆಳಗಿನ ಭಾಗ ಬ ಖರಾಬೆಂದೂ ಇತ್ತು. ಅ ಖರಾಬು ಬೇಸಾಯಕ್ಕೆ ಬಾರದ ನೆಲ. ಬ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆಂದು ಬಿಟ್ಟ ನೆಲ, ಅದನ್ನು ಯಾರೂ ತಮ್ಮದೆನ್ನುವಂತಿಲ್ಲ. ಅಷ್ಟು ಸ್ಪಷ್ಟವಾಗಿದ್ದರೂ ಮೂರು ಕುಟುಂಬಗಳು ಅದರಲ್ಲಿ ಬದನೆ, ಮೆಣಸಿನಗಿಡ ಹಾಕಿಕೊಂಡಿದ್ದವು, ಒಬ್ಬರು ದನದ ಕೊಟ್ಟಿಗೆ ಕಟ್ಟಿದ್ದರು. ಮೋಜಣಿಗೆ ಅರ್ಜಿ ಕೊಟ್ಟ ಮೇಲೆ ಭೂಮಾಪಕರು ಬರುವವರೆಗೆ ಒಂದು ಮಳೆಗಾಲವೇ ಕಳೆಯಿತು. ಸರಪಳಿ ಹಿಡಿದ ದಿನ ಊರಿನ ನಾಲ್ಕು ಹಿರಿಯರನ್ನು ಕರೆದು ಪಂಚನಾಮೆ ಮಾಡಿಸಿ, ಅಂದೇ ಗಡಿಕಲ್ಲು ನೆಡಿಸಿದೆವು. ಕೊಟ್ಟಿಗೆಯವರಿಗೆ ನೋಟೀಸು ಕೊಡುವುದರ ಬದಲು ಅವರ ಸ್ವಂತ ಹಿತ್ತಿಲಿನಲ್ಲಿ ಉದ್ಯೋಗ ಖಾತ್ರಿಯಡಿ ದನದ ಶೆಡ್ಡು ಮಂಜೂರು ಮಾಡಿಸಿಕೊಟ್ಟೆವು. ಅವರೇ ಗಳ ಬಿಚ್ಚಿಕೊಂಡು ಹೋದರು. ಕಾಯಿಪಲ್ಯದ ಪಾತಿಗಳವರು ಆ ಬೆಳೆ ಮುಗಿಯಲೆಂದರು, ನಾವೂ ಒಪ್ಪಿದೆವು.

ತಿಪ್ಪೆಗಳ ವಿಷಯ ಇದಕ್ಕಿಂತ ನಾಜೂಕಾಗಿತ್ತು. ಹೊರಗಿನವರಿಗೆ ತಿಪ್ಪೆ ಹೊಲಸಾಗಿ ಕಾಣುತ್ತದೆ. ಒಕ್ಕಲಿಗನಿಗೆ ಅದು ಮುಂದಿನ ಬೆಳೆ. ದೀಪಾವಳಿಯ ಪಾಡ್ಯದಂದು ನಮ್ಮಲ್ಲಿ ತಿಪ್ಪೆಗೂ ದೀಪ ಇಡುತ್ತಾರೆ. ಅಜ್ಜನ ಕಾಲದಿಂದ ಇರುವ ತಿಪ್ಪೆಗುಂಡಿಯನ್ನು ಬಿಡೆಂದರೆ ಮನೆತನದ ಮಾತು ಬರುತ್ತದೆ. ಬೇಸಿಗೆಯಲ್ಲಿ, ಮುಂಗಾರಿಗೆ ಮೊದಲು, ಗೊಬ್ಬರವನ್ನು ಬಂಡಿಗೆ ಹೇರಿ ಹೊಲಕ್ಕೆ ಸಾಗಿಸಿದ ಮೇಲೆ ಕೆಲವು ವಾರ ಎಲ್ಲ ಗುಂಡಿಗಳೂ ಬರಿದಾಗಿರುತ್ತವೆ. ನಾವು ಮಾತನಾಡಲು ಆ ಹೊತ್ತನ್ನೇ ಆರಿಸಿಕೊಂಡೆವು. ಊರಿನ ಮೂಡಣ ಬದಿಯ ಗಾವಠಾಣದಲ್ಲಿ, ಹೊಲದ ದಾರಿಗೆ ಹತ್ತಿರವಾಗಿ, ಮನೆಗೊಂದರಂತೆ ಗುಂಡಿಯ ಜಾಗ ಗುರುತು ಮಾಡಿ ಪಂಚಾಯತಿಯ ವಹಿಯಲ್ಲಿ ಹೆಸರು ಬರೆದುಕೊಟ್ಟೆವು. ಹೊಲಕ್ಕೆ ಹತ್ತಿರವೆಂಬುದೇ ಬಹಳ ಮಂದಿಯನ್ನು ಒಪ್ಪಿಸಿತು, ನಮ್ಮ ಮಾತಿನ ಬಲ ಅದರ ಮುಂದೆ ಕಡಿಮೆ. ಬರಿದಾದ ಗುಂಡಿಗಳಿಗೆ ಮಣ್ಣು ಬಿದ್ದಿತು. ತುಂಬಿದ ತಿಪ್ಪೆಯನ್ನು ಎತ್ತಿಸಲು ಹೋಗಿದ್ದರೆ ಜಗಳವಾಗುತ್ತಿತ್ತು, ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು.

ಹಣದ ಮಾತನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೇರೆ ಊರಿನ ಸದಸ್ಯರು ಎಲ್ಲಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ಆಗಿನ ಉದ್ಯೋಗ ಖಾತ್ರಿಯ ಕಾಮಗಾರಿಗಳ ಪಟ್ಟಿಯಲ್ಲಿ ಊರ ಬಯಲು ಎಂಬ ಕಾಮಗಾರಿಯಿರಲಿಲ್ಲ. ದಂಡೆಯ ರಕ್ಷಣೆ ಇತ್ತು, ಗಟಾರವಿತ್ತು, ನೆಲ ಸಮತಟ್ಟು ಮಾಡುವುದಿತ್ತು, ಗಿಡ ನೆಡುವುದಿತ್ತು, ಆಟದ ಬಯಲು ಇತ್ತು. ಆದ್ದರಿಂದ ಒಂದೇ ನಕ್ಷೆಯ ಕೆಲಸವನ್ನು ಇಂಥ ತುಣುಕುಗಳಾಗಿ ಬಿಡಿಸಿ ಬರೆಯಬೇಕಾಯಿತು. ಕೂಲಿ ಮತ್ತು ಸಾಮಗ್ರಿಯ ವೆಚ್ಚ 60:40ರ ಮಿತಿಯಲ್ಲಿರಬೇಕಿತ್ತು, ಗುತ್ತಿಗೆದಾರರು ಇರುವಂತಿರಲಿಲ್ಲ, ಮನುಷ್ಯರ ಕೈಯ ಕೆಲಸವನ್ನು ಕಸಿಯುವ ಯಂತ್ರ ಬಳಸುವಂತಿರಲಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪ್ರತಿಶತ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿತ್ತು; ಗಟಾರದ ನೀರಿನ ಕೆಲಸವನ್ನು ಅದರಲ್ಲಿ ಹಾಕಿದೆವು, ಉಳಿದ ಮುಕ್ತ ಭಾಗದಿಂದ ಒಂದಿಷ್ಟು ಕಲ್ಲು ತಂದೆವು. ಈ ಎರಡರಲ್ಲೂ ಹಿಡಿಯದ ವೆಚ್ಚಕ್ಕೆ ಊರ ಪಟ್ಟಿ, ಅಂದರೆ ವಂತಿಗೆ, ಎತ್ತಿದೆವು. ಜಾಲಿಯ ಬೊಡ್ಡೆ ಕೀಳುವ ಜೆಸಿಬಿಯ ಬಾಡಿಗೆ ಆ ಪಟ್ಟಿಯಿಂದಲೇ ಹೋಯಿತು. ಪಟ್ಟಿಗೆ ಕೇರಿಯವರು ದುಡ್ಡಿನ ಜೊತೆಗೆ ಆಳು ಕೊಟ್ಟರು. ಬಂದ ಹಣ, ಹೋದ ಹಣ ಎರಡನ್ನೂ ಪ್ರತಿ ಸೋಮವಾರ ಅಗಸಿಯ ಗೋಡೆಯ ಮೇಲೆ ಬರೆಯುತ್ತಿದ್ದೆವು. ಮಾತಿಗೆ ಎಡೆಯಿಲ್ಲದಂತೆ ಮಾಡುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ.

ಮೊದಲು ನಮ್ಮ ಕೈಗೆ ಬಂದ ನಕ್ಷೆಯಲ್ಲಿ ಅಗಸಿಯ ಮಟ್ಟಕ್ಕೆ ಸರಿಯಾಗಿ ಎತ್ತರದ ಒಂದು ಕಾಂಕ್ರೀಟ್ ತಡೆಗೋಡೆ, ಅದರ ಹಿಂದೆ ಮಣ್ಣು ತುಂಬಿ ಹಾಸಿದ ಬಣ್ಣದ ಇಟ್ಟಿಗೆ, ಸ್ಟೀಲಿನ ಕಟಕಟೆ, ಅಂಚಿನುದ್ದಕ್ಕೂ ಬೆಂಚುಗಳಿದ್ದವು. ಬಟ್ಟೆ ಒಗೆಯುವ ಬಂಡೆಗಳು ಇರಲಿಲ್ಲ, ದನ ಇಳಿಯುವ ದಾರಿಯೂ ಇರಲಿಲ್ಲ. ನಕ್ಷೆಯನ್ನು ಅಗಸಿಯ ಮುಂದೆ ನೆಲದ ಮೇಲೆ ಹಾಸಿ ಎಲ್ಲರಿಗೂ ತೋರಿಸಿದೆವು. ಮಡಿವಾಳರ ಮನೆಯ ಅಜ್ಜಿ ಬೆರಳಿಟ್ಟು ಕೇಳಿದಳು: "ತಂಗೀ, ಹತ್ತೊಂಬತ್ತರಾಗ ನೀರು ಎಲ್ಲೀತನ ಬಂದಿತ್ತು, ಇವರಿಗೆ ಯಾರರ ಹೇಳ್ಯಾರೇನು?" 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಬಂದಾಗ ನೀರು ಅಗಸಿಯ ಹೊಸ್ತಿಲನ್ನು ದಾಟಿ ಒಳಗಿನ ಮನೆಗಳ ಗೋಡೆ ಕೆಡವಿತ್ತು. ಆ ನೀರಿನ ಗುರುತು ಅಗಸಿಯ ಕಲ್ಲುಗಳ ಮೇಲೆ ಇನ್ನೂ ಇತ್ತು. ಸೊರಬ, ಸಾಗರದ ಕಡೆ ಮಳೆ ಸುರಿದರೆ ನಮ್ಮಲ್ಲಿ ಬಿಸಿಲು ಬಿದ್ದಿರುವಾಗಲೂ ಹೊಳೆ ಏರುತ್ತದೆ. ಗಳಗನಾಥದಲ್ಲಿ ತುಂಗಭದ್ರೆಯೂ ತುಂಬಿದ್ದರೆ ವರದೆಯ ನೀರು ಬೇಗ ಇಳಿಯುವುದಿಲ್ಲ. ಇಂಥ ಹೊಳೆಯ ಎದುರಿಗೆ ಗೋಡೆ ನಿಲ್ಲಿಸಿ ಇದು ನಮ್ಮ ಜಾಗ ಎನ್ನುವುದರಲ್ಲಿ ಅರ್ಥವಿರಲಿಲ್ಲ.

ಊರಿನ ಹಿರಿಯ ಕಲ್ಲುಕುಟಿಗರು ಗೋಡೆಯ ಬಗ್ಗೆ ಇನ್ನೊಂದು ಮಾತು ಹೇಳಿದರು, ಅದನ್ನು ಆಮೇಲೆ ಒಬ್ಬ ನಿವೃತ್ತ ಎಂಜಿನಿಯರರೂ ಸರಿಯೆಂದರು. ದಂಡೆಯ ಗೋಡೆ ಹೆಚ್ಚಾಗಿ ಬೀಳುವುದು ನೆರೆ ಏರುವಾಗ ಅಲ್ಲ, ಇಳಿಯುವಾಗ. ನೆರೆ ನಿಂತಷ್ಟು ದಿನ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಹೊಳೆ ಒಮ್ಮೆಲೇ ಇಳಿದರೆ ಮುಂದಿನ ಆಸರೆ ತಪ್ಪುತ್ತದೆ, ಹಿಂದಿನ ನೀರು ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ತಳ್ಳುತ್ತದೆ. ನಮ್ಮದು ಎರೆಮಣ್ಣು. ನೀರು ಸಿಕ್ಕರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಇಟ್ಟಿಗೆ ಎರಡು ಮಳೆಗಾಲ ಸಮವಾಗಿ ನಿಲ್ಲಲಾರದು. ಆ ಕಲ್ಲುಕುಟಿಗರ ಜೊತೆಗೆ ನಾವು ಕೆಲವರು ಗಳಗನಾಥಕ್ಕೂ ಚೌಡದಾನಪುರಕ್ಕೂ ಹೋಗಿಬಂದೆವು. ಗಳಗೇಶ್ವರ ಗುಡಿಯ ಬುಡದಲ್ಲಿ ಹಂತಹಂತವಾಗಿ ಇಳಿಜಾರಾಗಿ ಅಗಲವಾಗುತ್ತ ಹೋಗುವ ಕಲ್ಲಿನ ಕಟ್ಟು ಇದೆ. ಅದನ್ನು ಅವರು ಬಹಳ ಹೊತ್ತು ಸುತ್ತಿ ನೋಡಿದರು. ಚೌಡದಾನಪುರದಲ್ಲಿ ಮುಕ್ತೇಶ್ವರ ಗುಡಿಯ ಪಕ್ಕದಲ್ಲಿ ನಿಂತು ತುಂಗಭದ್ರೆಯ ದಂಡೆಯನ್ನು ನೋಡುತ್ತ, "ಹೊಳಿ ಹತ್ರ ನೆಟ್ಟಗ ನಿಲ್ಲಬಾರದ್ರಿ ಅಕ್ಕಾರ, ಒರಗಿ ಕುಂದರಬೇಕು" ಎಂದರು. ಹೊಸ ನಕ್ಷೆ ಆ ಮಾತಿನಿಂದ ಹುಟ್ಟಿತು.

ಹೊಸ ನಕ್ಷೆಯಲ್ಲಿ ಮೂರು ಹಂತಗಳಿದ್ದವು. ಅಗಸಿಯ ಮುಂದಿನ ಮೇಲಿನ ಹಂತ ಸಭೆಗೆ, ಆಟಕ್ಕೆ, ಹಬ್ಬಕ್ಕೆ. ಅಲ್ಲಿದ್ದ ಹಳೆಯ ಅರಳಿ ಮರದ ಸುತ್ತ ಎತ್ತರದ ಕಟ್ಟೆ ಕಟ್ಟದೆ, ಇಡೀ ಬಯಲಿನ ಅಂಚಿನುದ್ದಕ್ಕೆ ಒಂದೇ ಮಟ್ಟದ ಉದ್ದನೆಯ ಕಲ್ಲಿನ ಸಾಲು ಇಡಬೇಕೆಂದು ನಾನು ಕೇಳಿಕೊಂಡೆ. ಎತ್ತರದ ಕಟ್ಟೆ ಎಲ್ಲಿರುತ್ತದೆಯೋ ಅಲ್ಲಿ ಅದರ ಮೇಲೆ ಯಾರು, ಕೆಳಗೆ ಯಾರು ಎಂಬ ಲೆಕ್ಕ ತಾನಾಗಿ ಶುರುವಾಗುತ್ತದೆ. ನಡುವಿನ ಹಂತ ಹುಲ್ಲು ಮತ್ತು ಮರಗಳಿಗೆ. ಕೆಳಗಿನ ಹಂತ ಹೊಳೆಯದು: ಪ್ರತಿ ಮಳೆಗಾಲ ಅದು ಮುಳುಗಲಿ ಎಂದೇ ಕಟ್ಟುವುದು. ಅಲ್ಲಿ ಬಟ್ಟೆ ಒಗೆಯುವ ಬಂಡೆಗಳು ಇದ್ದಲ್ಲೇ ಇರಬೇಕು, ಅವುಗಳ ಕೊಳೆನೀರು ಮೀಯುವ ಪಾವಟಿಗೆಗಳ (ಮೆಟ್ಟಿಲುಗಳ) ಕಡೆಗೆ ಬಾರದಂತೆ ಹರಿವಿನ ಕೆಳಬದಿಯಲ್ಲಿರಬೇಕು. ದೀಪದ ಕಂಬದ ಪೆಟ್ಟಿಗೆಗಳು 2019ರ ಗುರುತಿಗಿಂತ ಮೇಲಿರಬೇಕು. ಗಳಗನಾಥದಿಂದ ಬಂದ ಮೇಲೆ ಈ ಮಾತುಗಳಿಗೆ ವಿರೋಧ ಕಡಿಮೆಯಾಯಿತು. ಗೋಡೆ ಬೇಕೆಂದು ಕೊನೆಯವರೆಗೂ ವಾದಿಸಿದ ಇಬ್ಬರು ಸದಸ್ಯರು ಠರಾವಿಗೆ ಮಾತ್ರ ಸಹಿ ಹಾಕಿದರು.

ಪಾವಟಿಗೆಗಳ ಅಳತೆಗೆ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಮೊಹರಮ್ಮಿನಿಂದ. ಗಣಪತಿ ಯಾವಾಗಲೂ ಭಾದ್ರಪದದಲ್ಲಿ, ಹೊಳೆ ತುಂಬಿರುವಾಗಲೇ ಬರುತ್ತಾನೆ. ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಕೆಲವು ವರ್ಷ ತುಂಬು ಮಳೆಗಾಲದಲ್ಲಿ, ಮುಂದಿನ ಕೆಲವು ವರ್ಷ ಕಡುಬೇಸಿಗೆಯಲ್ಲಿ ಬೀಳುತ್ತದೆ. 2022ರಲ್ಲಿ ಅದು ಆಗಸ್ಟಿನಲ್ಲಿತ್ತು. ಕೆಲವೇ ವರ್ಷಗಳಲ್ಲಿ ನೀರು ತಳ ಸೇರಿರುವ ಏಪ್ರಿಲ್, ಮೇ ತಿಂಗಳಿಗೆ ಬರುತ್ತದೆ. ಡೋಲಿ ಹೊತ್ತವರು ಬರಿಗಾಲಿನಲ್ಲಿ, ಮುಂದೆ ಹೆಜ್ಜೆಮೇಳ ಕುಣಿಯುತ್ತಿರುವಾಗ, ಎಷ್ಟೇ ಮಟ್ಟದಲ್ಲಿದ್ದರೂ ನೀರನ್ನು ಮುಟ್ಟುವಂತಿರಬೇಕು. ಹಾಗಾಗಿ ಪಾವಟಿಗೆಗಳನ್ನು ಬೇಸಿಗೆಯ ನೀರಿನವರೆಗೂ ಇಳಿಸಿ, ಅಲ್ಲಲ್ಲಿ ಹತ್ತಾರು ಜನ ನಿಲ್ಲುವಷ್ಟು ಅಗಲದ ಜಗಲಿ ಬಿಟ್ಟೆವು. ಎತ್ತುಗಳಿಗೆಂದು ಒಂದು ಬದಿಯಲ್ಲಿ ಐದು ಇಂಚು ಎತ್ತರದ, ಮೂರು ಅಡಿ ಅಗಲದ ಪಾವಟಿಗೆಗಳನ್ನು ಇಳಿಸಿ, ಅದರ ತಲೆಯಲ್ಲಿ ನಾಲ್ಕಡಿಗೊಂದರಂತೆ ಗಟ್ಟಿ ಕಲ್ಲಿನ ಕಂಬ ಹೂಳಿದೆವು. ಕೊರಳು ಬಿಚ್ಚಿದ ಎತ್ತು ಒಂದೊಂದಾಗಿ ಇಳಿಯಬಹುದು, ಬಂಡಿಯೂ ಟ್ರ್ಯಾಕ್ಟರೂ ಮೇಲೆಯೇ ನಿಲ್ಲಬೇಕು. ಮರಳು ಎತ್ತುವುದು ಅಂದಿನಿಂದ ಆ ದಂಡೆಯಲ್ಲಿ ನಿಂತಿತು. ಕಂಬ ಹೂಳಿದ ವಾರ ರಾತ್ರಿ ಎರಡು ಕಂಬಗಳನ್ನು ಯಾರೋ ಉರುಳಿಸಿದ್ದರು. ಮರುದಿನ ಕೇರಿಯ ಹುಡುಗರೂ ಕುಸ್ತಿಮನೆಯ ಹುಡುಗರೂ ಸೇರಿ ಅವನ್ನು ಇನ್ನೂ ಆಳದಲ್ಲಿ ಹೂಳಿದರು. ಮರಳು ತೆಗೆದ ಗುಂಡಿಗಳಲ್ಲಿ ಈಜಲು ಹೋಗಿ ಮಕ್ಕಳು ಸತ್ತದ್ದನ್ನು ಹೊಳೆಸಾಲಿನ ಊರುಗಳು ಬಲ್ಲವು. ಈ ವಿಷಯದಲ್ಲಿ ರಾಜಿಗೆ ನಾನು ಒಪ್ಪಲಿಲ್ಲ.

ಕೆಲಸ 2022ರ ಬೇಸಿಗೆಯಲ್ಲಿ ಶುರುವಾಯಿತು. ಬಳ್ಳಾರಿ ಜಾಲಿಯನ್ನು ಕಡಿದರೆ ಅದು ಮತ್ತಷ್ಟು ಸೊಂಪಾಗಿ ಚಿಗುರುತ್ತದೆ. ಬೊಡ್ಡೆಯನ್ನು ಬೇರಿನ ತಲೆಯ ಸಮೇತ ಕೀಳಬೇಕು. ಕಿತ್ತ ಕಟ್ಟಿಗೆಯನ್ನು ಕೇರಿಯ ಮನೆಗಳಿಗೆ ಒಲೆಗೆ ಹಂಚಿದೆವು. ಆದರೆ ನೀರಿನಂಚಿನ ಜಾಲಿಯನ್ನು ಆ ವರ್ಷ ಮುಟ್ಟಲಿಲ್ಲ. ಬೇರೆ ಬೇರು ಹಿಡಿಯುವ ತನಕ ದಂಡೆಯ ಮಣ್ಣನ್ನು ಹಿಡಿದಿದ್ದದ್ದು ಅದೇ. ಮೇಲಿನ ಹಂತದ ಎರೆಮಣ್ಣನ್ನು ತೆಗೆದು ನಡುವಿನ ಹಂತದ ತೋಟಕ್ಕೆ ಹಾಕಿ, ಅದರ ಜಾಗದಲ್ಲಿ ಗರಸು ತುಂಬಿ, ಅರ್ಧರ್ಧ ಅಡಿಗೆ ನೀರು ಹೊಡೆದು ದಿಮ್ಮಸು ಹಾಕಿದೆವು. ಕೆಳಗಿನ ಇಳಿಜಾರಿಗೆ ಸಿಮೆಂಟಿಲ್ಲದೆ ಸೈಜುಗಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ಜೋಡಿಸಿದೆವು. ಸಂದುಗಳಿಂದ ಹಿಂದಿನ ನೀರು ಇಳಿದುಹೋಗಲಿ, ಮಣ್ಣು ಮಾತ್ರ ನಿಲ್ಲಲಿ ಎಂದು ಕಲ್ಲಿನ ಕೆಳಗೆ ಜಲ್ಲಿ ಹಾಸಿದೆವು. ಬುಡದ ಸಾಲಿಗೆ ನಾಲ್ಕು ಜನ ಹೊರುವಂಥ ದೊಡ್ಡ ಕಲ್ಲುಗಳನ್ನು ಪಾತ್ರದ ಮಟ್ಟಕ್ಕಿಂತ ಕೆಳಗೆ ಹೂಳಿದೆವು. ಬುಡ ಕೊರೆದರೆ ಮೇಲಿನದೆಲ್ಲ ಜಾರುತ್ತದೆ. ಆ ವರ್ಷದ ಕೂಲಿ ದಿನಕ್ಕೆ 309 ರೂಪಾಯಿ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಎಂಬುದಕ್ಕೇ ಬಹಳ ಹೆಂಗಸರು ಬಂದರು. ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಟಿಯಾಗಿದ್ದ ಹುಡುಗಿ ಮೊಬೈಲಿನಲ್ಲಿ ಹಾಜರಿಯ ಚಿತ್ರ ಏರಿಸಲು ಸಿಗ್ನಲ್ ಹುಡುಕಿಕೊಂಡು ಅಗಸಿಯ ಮಾಳಿಗೆ ಹತ್ತುತ್ತಿದ್ದಳು. ಚಿತ್ರ ಏರದಿದ್ದರೆ ದುಡಿದ ದಿನದ ಕೂಲಿ ಸಿಗುತ್ತಿರಲಿಲ್ಲ. ಆ ಚಿಂತೆ ಅವಳಿಗೆ ದಿನವೂ ಇತ್ತು.

ಗಟಾರದ ನೀರಿಗೆ ಕೊಟ್ಟಷ್ಟು ಗಮನವನ್ನು ಬೇರೆ ಯಾವುದಕ್ಕೂ ಕೊಡಲಿಲ್ಲ. ವಾರ್ಡ್ ಸಭೆಯಲ್ಲಿ ಮೊದಲು ಕೇಳಿದ್ದು ಅದೇ. ಸಾಧ್ಯವಿದ್ದ ಮನೆಗಳ ಹಿತ್ತಿಲಿನಲ್ಲಿ ಬಚ್ಚಲುಗುಂಡಿ ತೋಡಿಸಿದೆವು. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಎಲ್ಲ ಕಡೆಗೂ ಅದು ನಡೆಯಲಿಲ್ಲ. ಉಳಿದ ನೀರನ್ನು ಒಂದೇ ಗಟಾರಕ್ಕೆ ಕೂಡಿಸಿ, ಕೇರಿಯಿಂದ ದೂರ ಸರಿಸಿ, ಕಸ ತಡೆಯುವ ಜಾಳಿಗೆ ಇಟ್ಟು, ಎರಡು ತಗ್ಗುಗಳಲ್ಲಿ ನಿಲ್ಲಿಸಿ, ಕೊನೆಯ ತಗ್ಗಿನಲ್ಲಿ ಜಲ್ಲಿ ಹಾಕಿ ಆಪು ಮತ್ತು ಬಾಳೆ ಬೆಳೆಸಿದೆವು. ಅಲ್ಲಿಂದ ಮುಂದೆ ಹೊಳೆಗೆ ಬೀಳುವ ನೀರು ಮೊದಲಿನಂತೆ ನಾರುವುದಿಲ್ಲ. ಇದು ಪೂರ್ತಿ ಶುದ್ಧಿಯಲ್ಲ. ಮೀಯುವ ಪಾವಟಿಗೆಗಳ ಕೆಳಬದಿಯಲ್ಲಿ ಅದನ್ನು ಬಿಟ್ಟಿರುವುದು ಅದಕ್ಕೇ.

2023ರ ಮಳೆಗಾಲ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳ ಜೊತೆಗೆ ನಮ್ಮದನ್ನೂ ಬರಪೀಡಿತವೆಂದು ಸಾರಿದರು. ಆ ವರ್ಷ ಮುಂಗಾರಿನ ಮೊದಲ ಹನಿಗೆ ನೆಟ್ಟ ಹೊಂಗೆ, ನೇರಳೆ, ಹೊಳೆಮತ್ತಿ, ಅತ್ತಿ, ಬೇವುಗಳಲ್ಲಿ ಬಹಳ ಸಸಿಗಳು ಒಣಗಿದವು. ನೀರು ಹಾಕುವುದಕ್ಕೆ ಒಕ್ಕೂಟದ ಹೆಣ್ಣುಮಕ್ಕಳು ಸಸಿಗಳನ್ನು ಮನೆಮನೆಗೆ ಹಂಚಿಕೊಂಡರು. ಯಾವ ಮರ ಯಾರ ಮನೆಯದೆಂದು ಇಂದಿಗೂ ಮಕ್ಕಳು ಹೇಳುತ್ತವೆ. ನೀರಿನಂಚಿಗೆ ಹಾಕಿದ ಲಾವಂಚ ಮತ್ತು ಲಕ್ಕಿ ಮಾತ್ರ ಬರವನ್ನು ಲೆಕ್ಕಿಸಲಿಲ್ಲ. ಲಾವಂಚದ ಬೇರು ಎರಡು ಮೂರು ಮೀಟರ್ ನೇರವಾಗಿ ಇಳಿಯುತ್ತದೆ. ಅದು ಹಿಡಿದುಕೊಂಡದ್ದು ಖಚಿತವಾದ ಮೇಲೆ ಉಳಿದ ಜಾಲಿಯನ್ನು ತೆಗೆಸಿದೆವು. ಹೊಳೆ ಬತ್ತಿದ್ದರಿಂದ ಬುಡದ ಕಲ್ಲುಗಳ ಕೆಲಸಕ್ಕೆ ಮಾತ್ರ ಅನುಕೂಲವಾಯಿತು.

2024ರ ಜುಲೈನಲ್ಲಿ ವರದೆ ತುಂಬಿ ಬಂದು ಕೆಳಗಿನ ಹಂತವನ್ನು ಮುಳುಗಿಸಿ, ನಡುವಿನ ಹಂತದ ಹುಲ್ಲನ್ನು ಮುಟ್ಟಿತು. ಗೋಡೆ ಬೇಕೆಂದಿದ್ದ ಸದಸ್ಯರಲ್ಲಿ ಒಬ್ಬರು ದಿನವೂ ಬಂದು ನೋಡುತ್ತಿದ್ದರು. ನೀರು ಇಳಿದಾಗ ಇಳಿಜಾರಿನ ಕಲ್ಲುಗಳ ಸಂದಿನಿಂದ ಒಳಗಿನ ನೀರು ಸಣ್ಣಗೆ ಸೋರಿ ಹೊರಬಂದಿತು, ಕಲ್ಲಿನ ಸಾಲು ಎರಡು ಕಡೆ ಸ್ವಲ್ಪ ಕುಸಿದದ್ದು ಬಿಟ್ಟರೆ ಹಾಗೆಯೇ ನಿಂತಿತ್ತು. ಕುಸಿದ ಕಲ್ಲನ್ನು ಎತ್ತಿ ಮತ್ತೆ ಕೂರಿಸುವುದು ಇಬ್ಬರ ಕೆಲಸ; ಒಡೆದ ಕಾಂಕ್ರೀಟ್ ಆಗಿದ್ದರೆ ಮತ್ತೊಂದು ಟೆಂಡರಿಗೆ ಕಾಯಬೇಕಿತ್ತು. ಪಾವಟಿಗೆಗಳ ಮೇಲೆ ಮೊಳಕಾಲುದ್ದ ಹೂಳು ಕೂತಿತ್ತು. ಅದನ್ನು ಒಣಗಿದ ಮೇಲೆ ಬೇಕಾದವರು ಹೊಲಕ್ಕೆ ಒಯ್ಯಲೆಂದು ಡಂಗುರ ಹೊಡೆಸಿದೆವು. ಎರಡೇ ವಾರದಲ್ಲಿ ಪಾವಟಿಗೆ ಖಾಲಿಯಾದವು. ಈಗ ಪ್ರತಿ ಮಳೆಗಾಲದ ಕೊನೆಯಲ್ಲಿ ಇದೇ ಏರ್ಪಾಡೆಂದು ಠರಾವು ಆಗಿದೆ.

ಬಯಲು ಸಿದ್ಧವಾದ ಮೇಲೆ ಹೊಸ ತಕರಾರುಗಳು ಹುಟ್ಟಿದವು, ಅವು ಹುಟ್ಟಲೇಬೇಕಿತ್ತು. ಗೋವಿನಜೋಳದ ಸುಗ್ಗಿಯಲ್ಲಿ ರೈತರು ಕಾಳು ಒಣಗಿಸಲು ಮೇಲಿನ ಹಂತವನ್ನೆಲ್ಲ ಹರವಿಕೊಂಡರು. ಆಮೇಲೆ ಬ್ಯಾಡಗಿ ಮೆಣಸಿನಕಾಯಿಯವರೂ ಬಂದರು. ಆಡುವ ಮಕ್ಕಳಿಗೆ ಜಾಗವಿಲ್ಲವೆಂದು ಕೆಲವರು ಸಿಟ್ಟಾದರು. ನನಗೆ ರೈತರ ಮೇಲೆ ಸಿಟ್ಟು ಬರಲಿಲ್ಲ. ರಸ್ತೆಯ ಮೇಲೆ ಕಾಳು ಹರವಿ ವಾಹನಗಳಿಗೆ ಅಂಜುತ್ತ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು. ಸುಗ್ಗಿಯ ತಿಂಗಳುಗಳಲ್ಲಿ ಅರ್ಧ ಬಯಲು ಕಾಳಿಗೆ, ಅರ್ಧ ಮಕ್ಕಳಿಗೆ ಎಂದು ನಡುವೆ ಒಂದು ಸಾಲು ಕಲ್ಲು ಹುಗಿದು ಗುರುತು ಮಾಡಿದೆವು. ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಯನ್ನು ಇಲ್ಲಿಯೇ ನಡೆಸಬೇಕೆಂದು ಹುಡುಗರು ಕೇಳಿದಾಗ ಮಾತ್ರ ಗ್ರಾಮಸಭೆ ಬೇಡವೆಂದಿತು. ಪಾವಟಿಗೆಯ ಕಡೆಗೆ ಹೋರಿ ನುಗ್ಗಿದರೆ ಅನಾಹುತವಾಗುತ್ತದೆ. ಅವರಿಗೆ ಹಳೆಯ ಜಾಗವೇ ಉಳಿಯಿತು.

ಉದ್ದನೆಯ ಕಲ್ಲಿನ ಸಾಲಿನ ಮೇಲೆ ಯಾರು ಕೂರುತ್ತಾರೆಂದು ನಾನು ಗಮನಿಸುತ್ತೇನೆ. ಮೊದಲ ತಿಂಗಳುಗಳಲ್ಲಿ ಕೇರಿಯವರು ತಮ್ಮ ಕಡೆಯ ತುದಿಯಲ್ಲಿ, ಮೇಲಿನ ಓಣಿಯವರು ಅಗಸಿಯ ಕಡೆಯ ತುದಿಯಲ್ಲಿ ಕೂರುತ್ತಿದ್ದರು, ನಡುವಿನ ಕಲ್ಲುಗಳು ಖಾಲಿಯಿರುತ್ತಿದ್ದವು. ಮೊದಲು ನಡುವೆ ಕೂತವರು ಕಾಮಗಾರಿಯಲ್ಲಿ ಜೊತೆಗೆ ಕಲ್ಲು ಹೊತ್ತ ಹೆಂಗಸರು. ಸಂಜೆ ಅಡುಗೆಗೆ ಮುಂಚೆ ಅರ್ಧ ಗಂಟೆ ಅವರು ಅಲ್ಲಿ ಬಂದು ಕೂರತೊಡಗಿದ ಮೇಲೆ ಮಕ್ಕಳು ಬಂದರು, ಮಕ್ಕಳನ್ನು ಹುಡುಕಿಕೊಂಡು ಅಜ್ಜಂದಿರು ಬಂದರು. ಗಂಡಸರಲ್ಲಿ ಅಷ್ಟು ಬೇಗ ಬದಲಾವಣೆ ಬಂದಿಲ್ಲ. ವಾರ್ಡ್ ಸಭೆ ಈಗ ಅಲ್ಲಿಯೇ ನಡೆಯುತ್ತದೆ.

ಹೆಂಗಸರಿಗೆ ಬಯಲಿನ ಹತ್ತಿರ ನೀರಿನ ಸೌಕರ್ಯವಿರುವ ಶೌಚಾಲಯ ಇನ್ನೂ ಆಗಿಲ್ಲ. ಹಬ್ಬದ ದಿನ ಅದರ ಕೊರತೆ ಎದ್ದು ಕಾಣುತ್ತದೆ. ನಮ್ಮ ಕಲ್ಲಿನ ಕಟ್ಟು ಮುಗಿಯುವಲ್ಲಿಂದ ಕೆಳಗೆ, ಹೊಳೆ ತಿರುವು ತೆಗೆದುಕೊಳ್ಳುವ ಹೊರದಂಡೆಯಲ್ಲಿ, ನೀರು ಎರಡು ರೈತರ ಹೊಲವನ್ನು ಕೊರೆಯುತ್ತಿದೆ. ಆ ಕೊರೆತ ನಾವು ಕಟ್ಟುವ ಮೊದಲೂ ಇತ್ತು, ಆದರೂ ನಮ್ಮ ಕಲ್ಲಿನಿಂದ ಅದು ಹೆಚ್ಚಾಗದಂತೆ ಕೊನೆಯ ಭಾಗವನ್ನು ಒಮ್ಮೆಲೇ ನಿಲ್ಲಿಸದೆ ದಂಡೆಯೊಳಗೆ ಬಾಗಿಸಿ ಸೇರಿಸಿದ್ದೇವೆ. ಅಲ್ಲಿಗೂ ಲಾವಂಚ ಮತ್ತು ಬಿದಿರು ಹಾಕಿ ಬುಡಕ್ಕೆ ಕಲ್ಲು ಜೋಡಿಸುವ ಕಾಮಗಾರಿಯನ್ನು ಕ್ರಿಯಾಯೋಜನೆಗೆ ಸೇರಿಸಲು ಆ ಇಬ್ಬರು ರೈತರ ಅರ್ಜಿಯ ಜೊತೆಗೆ ವಾರ್ಡ್ ಸಭೆಯ ಠರಾವನ್ನು ಪಂಚಾಯತಿಗೆ ಕೊಟ್ಟಿದ್ದೇವೆ.